ಒಂದೇ ಪದದ ಮನೆ

"ಒಳಗೆ ಒಟ್ಟು ಎಷ್ಟು ಚೀಟಿ ಇವೆ?" ಎಂದು ಇನ್ಸ್‌ಪೆಕ್ಟರ್ ಬಹ್ಗತ್ ಕಿಟಕಿಯ ಸರಳುಗಳ ಆಚೆಯಿಂದ ಕೇಳಿದ.

"ಹತ್ತು ಲಕ್ಷ," ಎಂದೆ.

"ನಿನ್ನೆ ಎಂಟು ಲಕ್ಷ ಅಂದಿದ್ದೆ."

"ನಿನ್ನೆ ನನ್ನ ಹೊಟ್ಟೆ ತುಂಬಿತ್ತು, ಬೇ ಸಾಹೇಬ್ರೇ. ಹಸಿದವನ ಕಣ್ಣಿಗೆ ಎಲ್ಲಾ ಜಾಸ್ತಿನೇ ಕಾಣುತ್ತೆ."

ಬಹ್ಗತ್ ನೆನೆಸಿದ ತುರ್ಮುಸ್ ಕಾಳನ್ನು ಹಲ್ಲಿನಲ್ಲಿ ಸುಲಿದು ಸಿಪ್ಪೆಯನ್ನು ಬೆರಳಲ್ಲಿ ಚಿಮ್ಮಿದ. ಅದು ಸರಳಿನ ನಡುವೆ ತೂರಿ ಬಂದು ನನ್ನ ಮೀಸೆಯ ಮೇಲೆ ಕೂತಿತು.

"ಕೇಳು, ಉಸ್ತಾದ್ ಜಾಬಿರ್ ಲಮ್ಲೂಮ್. ಬಂದರಿನ ಮಧ್ಯಾಹ್ನದ ತೋಪು ಹಾರೋಕೆ ಇನ್ನು ಎರಡು ತಾಸು. ಅಷ್ಟರೊಳಗೆ ಆ ಕಾಣೆಯಾದ ಚೀಟಿ ನನ್ನ ಕೈಗೆ ಬಂತೋ, ಸರಿ. ಇಲ್ಲ ಅಂದ್ರೆ, ಮದಾಮ್ ಇವಾಂಥಿಯಾ ಅದನ್ನ ಒಲೆಗೆ ಹಾಕಿದಳು ಅಂತ ಬರೆದು ಅವಳನ್ನ ಗಾಡಿ ಹತ್ತಿಸ್ತೀನಿ. ಆಮೇಲೆ ನೇಣೋ, ಸಾಯೋತನಕ ಜೈಲೋ, ಜಡ್ಜ್ ನೋಡ್ಕೋತಾನೆ."

"ನನ್ನನ್ನಾದ್ರೂ ಹೊರಗೆ ಬಿಡಿ. ನಾನು ಯಾರನ್ನೂ ಕೊಂದಿಲ್ಲ."

"ಹದಿನೇಳು ಭಾಷೆ ಬರುತ್ತೆ ಅಂತ ಊರೆಲ್ಲ ಸಾರಿದ್ದು ಯಾರು? ಆ ಚೀಟಿಗಳನ್ನ ಓದಬಲ್ಲೋನು ನೀನೊಬ್ಬನೇ. ಸಿಗೋತನಕ ಈ ಬಾಗಿಲಿಂದ ಇಲಿ ಸಹ ಹೊರಗೆ ಬರಲ್ಲ."

ಆತ ಹೋದ. ಕಬ್ಬಿಣದ ಬಾಗಿಲಿನ ಆಚೆ ಪೇದೆಯ ಬೂಟು ಸರಿದಾಡಿತು. ನನ್ನ ನಾಲಿಗೆ ನನಗೆ ಊಟ ಹಾಕಿದೆ, ಮನೆ ಕಟ್ಟಿಸಿದೆ, ಮೂರು ಸಲ ಮದುವೆ ಮಾಡಿಸಿದೆ. ಸೆರೆಗೆ ಹಾಕಿಸಿದ್ದು ಇದೇ ಮೊದಲು.

ಸುಳ್ಳು ಹೇಳುವವನು ನಾನಲ್ಲ, ಬೇಕಾದರೆ ಬಂದರಿನಲ್ಲಿ ಯಾರನ್ನಾದರೂ ಕೇಳಿ. ನಾನೊಮ್ಮೆ ಜ್ವರ ಬಂದು ಮಲಗಿದಾಗ ಹನ್ನೊಂದು ಹಡಗುಗಳು ಯಾವ ಕಡೆ ಮುಖ ಮಾಡಬೇಕೆಂದು ತಿಳಿಯದೆ ಸಮುದ್ರದಲ್ಲಿ ನಿಂತಿದ್ದವು. ಇಪ್ಪತ್ತೆರಡು ವರ್ಷದಿಂದ ನಾನು ಕೋರ್ಟಿನ ದುಭಾಷಿ. ನಾನಿಲ್ಲದಿದ್ದರೆ ಅಲೆಕ್ಸಾಂಡ್ರಿಯಾ ಎಂದೋ ಮೂಗರ ಊರಾಗುತ್ತಿತ್ತು.

ಶೇಖ್ ಹಿಫ್ನಾವಿ ಏಣಿಯಿಂದ ಬಿದ್ದು ಕತ್ತು ಮುರಿದುಕೊಂಡು ಅಂದಿಗೆ ಮೂರು ದಿನ. ಮುಷ್ಟಿಯಲ್ಲಿ ಒಂದು ಚೀಟಿಯ ಹರಿದ ಮೂಲೆ ಇತ್ತು. ಉಳಿದ ಚೀಟಿ ಇರಲಿಲ್ಲ.

ಅತ್ತಾರೀನ್ ಪೇಟೆಯ ಈ ಮನೆ ಹಿಂದೆ ಈರುಳ್ಳಿ ಗೋದಾಮು. ಮೂವತ್ತು ವರ್ಷ ಕಳೆದರೂ ಗೋಡೆಗಳು ಇನ್ನೂ ಕಣ್ಣೀರು ತರಿಸುತ್ತವೆ. ಒಂದೇ ಬಾಗಿಲು, ಬೀದಿಗೊಂದು ಕಿಟಕಿ, ಛಾವಣಿಗೆ ಹೋಗುವ ಮೆಟ್ಟಿಲಿನ ಬಾಗಿಲಿಗೆ ಪೊಲೀಸರು ಹೊಡೆದ ಹಲಗೆ. ಹೊರಗೆ ಮರಳುಗಾಳಿ. ಕಿಟಕಿ ತೆರೆದರೆ ಬಾಯಿಗೆ ಮರುಭೂಮಿ, ಮುಚ್ಚಿದರೆ ಮೂಗಿಗೆ ಈರುಳ್ಳಿ.

ನೆಲದಿಂದ ಸೂರಿನವರೆಗೆ ಮರದ ಗೂಡುಗಳು, ಗೂಡುಗಳ ತುಂಬ ಚೀಟಿಗಳು, ಚೀಟಿಗಳ ಮೇಲೆಲ್ಲ ಒಂದೇ ಪದ: ದಿವಾನ್.

ಹೌದು, ಒಂದೇ ಪದ. ಬೇರೆಯವರು ಇಡೀ ನಿಘಂಟು ಬರೆಯುತ್ತಾರೆ. ಶೇಖ್ ಹಿಫ್ನಾವಿ ಒಂದೇ ಪದದ ಬೆನ್ನು ಹತ್ತಿ ಮೂವತ್ತೊಂದು ವರ್ಷ ಅಲೆದ. ಹಡಗಿಳಿದ ಪ್ರತಿ ನಾವಿಕನಿಗೂ ಕಾಫಿ ಕುಡಿಸಿ, "ನಿಮ್ಮೂರಲ್ಲಿ ದಿವಾನ್ ಅಂದ್ರೆ ಏನಪ್ಪಾ?" ಎಂದು ಕೇಳುತ್ತಿದ್ದ. ನಮ್ಮಲ್ಲಿ ಅದು ಕವಿಯ ಪದ್ಯಗಳ ಕಟ್ಟು, ಸರಕಾರದ ಕಚೇರಿಯೂ ಅದೇ. ತುರ್ಕಿಯವನಿಗೆ ಸುಲ್ತಾನನ ಸಭೆ. ಇಟಲಿಯವನು ಅದನ್ನು ತಿರುಚಿ ಮುರಿದು ಸುಂಕದ ಕಟ್ಟೆ ಮಾಡಿಕೊಂಡ. ಫ್ರಾನ್ಸಿನವನು ಅದರ ಮೇಲೆ ಮೆತ್ತೆ ಹಾಸಿ ಮಲಗಿದ. ಹಿಂದುಸ್ತಾನದ ಮೈಸೂರು ಎಂಬಲ್ಲಿಂದ ಬಂದ ಗಂಧದ ವ್ಯಾಪಾರಿಯೊಬ್ಬ, ನಮ್ಮಲ್ಲಿ ದಿವಾನರು ಪೇಟ ಕಟ್ಟಿಕೊಂಡು ರಾಜ್ಯ ಆಳುತ್ತಾರೆ ಎಂದ. ಶೇಖ್ ಆ ದಿನ ಖುಷಿಯಲ್ಲಿ ಇಡೀ ಬೀದಿಗೆ ಶರಬತ್ತು ಹಂಚಿದ. ನಾನೊಬ್ಬನೇ ಹದಿನಾಲ್ಕು ಲೋಟ ಕುಡಿದೆ.

ಪದ ಎಲ್ಲೆಲ್ಲಿ ಹೋಯಿತೆಂಬುದು ಸಿಕ್ಕಿತ್ತು. ಹುಟ್ಟಿದ್ದು ಎಲ್ಲಿ ಎಂಬುದು ಮಾತ್ರ ಸಿಕ್ಕಿರಲಿಲ್ಲ. ಸಾಯುವ ದಿನ ಬೆಳಗ್ಗೆ ಶೇಖ್ ಹೇಳಿದ್ದನಂತೆ: "ಸಿಕ್ಕಿತು. ಚೀಟಿ ಬರೆದಿದ್ದೀನಿ. ಗುರುವಾರದ ಸಭೆಯಲ್ಲಿ ಓದ್ತೀನಿ."

ಕಾಣೆಯಾದದ್ದು ಆ ಚೀಟಿ.

"ಬಾಯಿಬಡುಕ, ಕಾಫಿ ಕುಡೀತೀಯಾ?" ಎಂದು ಮದಾಮ್ ಇವಾಂಥಿಯಾ ಅಡುಗೆಮನೆಯಿಂದ ಕೇಳಿದಳು.

ಅರವತ್ತರ ಗ್ರೀಕ್ ವಿಧವೆ. ಎತ್ತರ ನನ್ನ ಎದೆಯವರೆಗೆ, ದನಿ ದೀಪಸ್ತಂಭದವರೆಗೆ. ಇಪ್ಪತ್ತಾರು ವರ್ಷದಿಂದ ಚೀಟಿಗಳನ್ನು ವಿಂಗಡಿಸುತ್ತ, ಶೇಖನಿಗೆ ಅಡುಗೆ ಮಾಡುತ್ತ, ಜಗಳವಾಡುತ್ತ ಇದ್ದವಳು.

"ಎರಡು ತಾಸಲ್ಲಿ ನಿಮ್ಮನ್ನ ಕರ್ಕೊಂಡು ಹೋಗ್ತಾರೆ ಮದಾಮ್. ನೀವು ಕಾಫಿ ಅಂತೀರಿ."

"ಕರ್ಕೊಂಡು ಹೋಗೋರು ಕಾಫಿ ಕೊಡಲ್ಲ. ಅದಕ್ಕೇ ಈಗ ಕುಡೀತೀನಿ."

"ಅವತ್ತು ಬೆಳಗ್ಗೆ ಶೇಖ್ ಮೇಲೆ ಯಾಕೆ ಹಾಗೆ ಕೂಗಿದ್ರಿ? ಇಡೀ ಪೇಟೆ ಸಾಕ್ಷಿ ಹೇಳಿದೆ. ನಿನ್ನ ಚೀಟಿಗಳನ್ನೆಲ್ಲ ಒಲೆಗೆ ಹಾಕ್ತೀನಿ ಅಂದ್ರಂತೆ."

"ದಿನಾ ಅಂತೀನಿ. ದಿವಾನ್ ಗ್ರೀಕ್ ಪದ ಅಂತ ನಾನು, ಅಲ್ಲ ಅಂತ ಅವನು. ಲೋಕದಲ್ಲಿ ಎಲ್ಲಾ ಗ್ರೀಕೇ. ನೀನು ಹಾಕಿರೋ ಚಪ್ಪಲಿನೂ ಗ್ರೀಕೇ." ಅವಳು ಕಾಫಿ ಪಾತ್ರೆಯನ್ನು ಒಲೆಯಿಂದ ಇಳಿಸಿದಳು. "ಜಗಳಕ್ಕೂ ಒಬ್ಬ ಬೇಕಲ್ಲಪ್ಪ. ಇನ್ನು ಯಾರ ಹತ್ರ ಆಡಲಿ?"

ಬಹ್ಗತ್‌ನ ಲೆಕ್ಕಾಚಾರ ಸರಳವಾಗಿತ್ತು. ಶೇಖ್ ಬಿದ್ದಾಗ ಸಂಜೆಗೆ ಮುಂಚಿನ ಅಸರ್ ನಮಾಜಿನ ಹೊತ್ತು. ಶಿಷ್ಯ ಸಫ್ವತ್ ಛಾವಣಿಯ ಮೇಲೆ ನಮಾಜು ಮಾಡುತ್ತಿದ್ದೆ ಎಂದ. ಕೆಳಗೆ ಇದ್ದವಳು ಇವಳೊಬ್ಬಳೇ. ಹೆಣದ ಪಕ್ಕ ಮೊದಲು ಸಿಕ್ಕಿದವಳೂ ಇವಳೇ. ಒಲೆಯಲ್ಲಿ ಕಾಗದದ ಬೂದಿಯೂ ಇತ್ತು.

ಆ ಬೂದಿಯ ಬಗ್ಗೆ ನಾನು ಬಹ್ಗತ್‌ನೊಂದಿಗೆ ಮೊದಲ ದಿನವೇ ವಾದಿಸಿ ಸೋತಿದ್ದೆ. ಶೇಖನ ಮನೆಯಲ್ಲಿ ಪ್ರತಿ ಚೀಟಿಯ ತಲೆಯ ಮೇಲೂ ದೇವರ ಹೆಸರು, ಪಕ್ಕದಲ್ಲಿ ತಾರೀಖು ಬರೆಯಬೇಕು, ಆಮೇಲೆ ಮಿಕ್ಕಿದ್ದು. ಅಂಥ ಕಾಗದವನ್ನು ಎಸೆಯುವಂತಿಲ್ಲ, ತುಳಿಯುವಂತಿಲ್ಲ. ತಪ್ಪಾದ ಚೀಟಿಗಳು ಗೂಟಕ್ಕೆ ನೇತುಹಾಕಿದ ಚೀಲಕ್ಕೆ ಹೋಗುತ್ತವೆ. ವರ್ಷಕ್ಕೊಮ್ಮೆ ದೋಣಿಯಲ್ಲಿ ಒಯ್ದು ಸಮುದ್ರಕ್ಕೆ ಬಿಡುತ್ತಾರೆ. ಮದಾಮ್ ಮಾತ್ರ ಒಲೆ ಹೊತ್ತಿಸಲು ಆ ತಪ್ಪು ಚೀಟಿಗಳನ್ನೇ ಕದಿಯುತ್ತಿದ್ದಳು. ಆದರೆ ಶೇಖನ ಮನಸ್ಸು ನೋಯಬಾರದೆಂದು ಮೊದಲು ಕತ್ತರಿಯಲ್ಲಿ ಮೇಲಿನ ಸಾಲನ್ನು ಕತ್ತರಿಸಿ ಚೀಲಕ್ಕೆ ಹಾಕಿ, ಉಳಿದದ್ದನ್ನು ಸುಡುತ್ತಿದ್ದಳು. ಕಾಣೆಯಾದ ಚೀಟಿಯ ತಲೆಸಾಲು ಚೀಲದಲ್ಲಿ ಇರಲಿಲ್ಲ.

"ಕೊಲೆ ಮಾಡಿದವಳು ಕತ್ತರಿ ಹುಡುಕ್ತಾಳಾ?" ಎಂದು ಬಹ್ಗತ್ ನಕ್ಕಿದ್ದ.

ಹನ್ನೊಂದೂವರೆಗೆ ಪೇದೆ ಸರಳುಗಳ ನಡುವೆ ರೊಟ್ಟಿ, ಬೇಯಿಸಿದ ಫೂಲ್ ಕಾಳು, ಉಪ್ಪು ಗಿಣ್ಣು ತಳ್ಳಿದ. ಮೂವರೂ ನೆಲದ ಮೇಲೆ ಕೂತೆವು. ಸಫ್ವತ್ ನನ್ನೆದುರು.

ಸಫ್ವತ್‌ನಿಗೆ ಮೂವತ್ತು. ತಾಳೆಮರದಷ್ಟು ಎತ್ತರ, ಮೂರು ದಿನದ ಸೆರೆಯಲ್ಲೂ ಟೈ ಬಿಚ್ಚದ ಮನುಷ್ಯ. ಒಂಬತ್ತನೆಯ ವಯಸ್ಸಿಗೆ ಅನಾಥನಾಗಿ ಈ ಮನೆಗೆ ಬಂದವನು. ಅರಬಿ ಕಲಿಸಿದ್ದು ಶೇಖ್, ಗ್ರೀಕ್ ಕಲಿಸಿದ್ದೂ ಅನ್ನ ಹಾಕಿದ್ದೂ ಮದಾಮ್. ಅವಳನ್ನು ಚಿಕ್ಕಮ್ಮ ಎನ್ನುತ್ತಾನೆ. ದಿವಾನ್ ಅಪ್ಪಟ ಅರಬಿ ಪದ, ಮರುಭೂಮಿಯ ಮಗು ಎಂದು ಇನ್ನೂರು ಪುಟದ ಪುಸ್ತಕ ಅಚ್ಚು ಹಾಕಿಸಿ ಹೆಸರು ಮಾಡಿದವನು. ಅದರ ಬಲದಿಂದ ಕೈರೋದಲ್ಲಿ ದೊಡ್ಡ ಹುದ್ದೆಯೊಂದು ಅವನಿಗಾಗಿ ಕಾದಿತ್ತು.

"ತಿನ್ನೋ," ಎಂದು ಮದಾಮ್ ಅವನ ಮುಂದೆ ಗಿಣ್ಣು ಸರಿಸಿದಳು. "ನನ್ನ ಪಾಲಿಂದೂ ತಗೋ. ಮುಖ ನೋಡು, ಸುಣ್ಣದ ಹಾಗೆ."

"ಬೇಡ ಚಿಕ್ಕಮ್ಮ."

"ಸತ್ತೋರ ಜೊತೆ ಸಾಯೋಕಾಗಲ್ಲ. ತಿನ್ನು."

ಅವನ ಬೆರಳ ಸಂದಿನಿಂದ ರೊಟ್ಟಿಯ ತುಂಡು ನೆಲಕ್ಕೆ ಜಾರಿತು.

ಮುಂದೆ ನಡೆದದ್ದು ಯಾರೂ ಗಮನಿಸದಂಥದ್ದು. ಗಮನಿಸಲು ನನ್ನಂಥ ಕಣ್ಣು ಬೇಕು. ನನ್ನಂಥವು ಭೂಮಿಯ ಮೇಲೆ ಎರಡೇ ಇವೆ, ಎರಡೂ ನನ್ನ ಮುಖದಲ್ಲಿವೆ. ಸಫ್ವತ್ ತುಂಡನ್ನು ಎತ್ತಿ ಮುತ್ತಿಟ್ಟ, ಹಣೆಗೆ ಮುಟ್ಟಿಸಿದ, ಕೂತಲ್ಲಿಂದ ಎದ್ದು ಕೈ ಚಾಚಿ ಗೋಡೆಯ ಚಾಚುಗಲ್ಲಿನ ಮೇಲೆ ಇಟ್ಟ. ನಾವೆಲ್ಲ ಹಾಗೇ ಮಾಡುತ್ತೇವೆ. ಅನ್ನ ಮತ್ತು ದೇವರ ಹೆಸರು ಕಾಲಿಗೆ ಸಿಗಬಾರದು. ಬೀದಿಯಲ್ಲಿ ಅಂಥ ಕಾಗದ ಸಿಕ್ಕರೂ ಎತ್ತಿ ಗೋಡೆಯ ಬಿರುಕಿಗೆ ಸಿಕ್ಕಿಸಿ ಮುಂದೆ ಹೋಗುತ್ತೇವೆ. ಈ ಊರಿನಲ್ಲಿ ಅಂಥ ಕಾಗದವಿಲ್ಲದ ಹಳೆಯ ಗೋಡೆಯೇ ಇಲ್ಲ. ಪಿರಮಿಡ್ ಬಿಚ್ಚಿ ನೋಡಿದರೂ ನಾಲ್ಕು ಸಿಗುತ್ತವೆ.

ನಾನು ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗಿಟ್ಟು ಗೋಡೆ ನೋಡಿದೆ.

ಪೊಲೀಸರು ಮೂರು ದಿನ ಗೂಡು ಬಗೆದರು, ಹಿಟ್ಟಿನ ಡಬ್ಬ ಸುರಿದರು, ನಮ್ಮ ಅಂಗಿಯ ಹೊಲಿಗೆ ಬಿಚ್ಚಿದರು. ಗೋಡೆಯ ಬಿರುಕಿನಲ್ಲಿ ಮಡಿಸಿದ ಕಾಗದ ಕಂಡಿದ್ದರೆ? ಯಾರೋ ಪುಣ್ಯಾತ್ಮ ದೇವರ ಹೆಸರನ್ನು ಎತ್ತಿಟ್ಟಿದ್ದಾನೆ ಎಂದು ಕೈ ಮುಟ್ಟದೆ ಹೋಗಿರುತ್ತಾರೆ. ಅವರೂ ನಮ್ಮವರೇ. ನಾನು ಕೂಡ.

ನಾನು ಏಣಿಯನ್ನು ಎಳೆದು ತಂದೆ.

"ಉಸ್ತಾದ್, ಎಲ್ಲಿಗೆ?" ಎಂದ ಸಫ್ವತ್.

"ಸ್ವರ್ಗಕ್ಕೆ. ಅಲ್ಲಿ ದುಭಾಷಿ ಬೇಕಂತೆ."

ಅಡುಗೆಮನೆಯ ಒಲೆಗೆ ಮೂರು ಹೆಜ್ಜೆ ದೂರದಲ್ಲಿ, ನನ್ನ ಚಾಚಿದ ಕೈಗಿಂತ ಒಂದು ಗೇಣು ಮೇಲೆ, ಎರಡು ಕಲ್ಲುಗಳ ಸಂದಿನಲ್ಲಿ ಹಳದಿ ಕಾಗದಗಳು ನಾಲ್ಕಾರು ಇದ್ದವು. ಈರುಳ್ಳಿಯ ಹಮಾಲರು ಎಂದೋ ಇಟ್ಟವು. ಅವುಗಳ ಮುಂದೆ ಒಂದು ಬಿಳಿಯದು. ಅದನ್ನು ಬಿಡಿಸಿದೆ. ಶೇಖನ ಕೈಬರಹ. ಕೆಳಗಿನ ಎಡಮೂಲೆ ಹರಿದಿತ್ತು.

ನಾನು ಇಳಿದೆ. ಯಾರೂ ತಿನ್ನುತ್ತಿರಲಿಲ್ಲ.

"ಸಿಕ್ಕಿತಾ?" ಎಂದಳು ಮದಾಮ್. ಅವಳ ಮುಖ ಅರಳಿತು. ಮೂರು ದಿನದಲ್ಲಿ ಮೊದಲ ಸಲ.

"ಸಿಕ್ಕಿತು. ನೀವು ಬದುಕಿದ್ರಿ ಮದಾಮ್. ಇದನ್ನ ಇಟ್ಟೋರು ನೀವಲ್ಲ. ಒಲೆ ಉರೀತಾ ಇತ್ತು, ಕೈಗೆಟುಕೋ ದೂರ. ನೀವಾಗಿದ್ರೆ ತಲೆಸಾಲು ಕತ್ತರಿಸಿ ಉಳಿದಿದ್ದನ್ನ ಬೆಂಕಿಗೆ ಹಾಕ್ತಿದ್ರಿ, ಅದರ ಮೇಲೆ ಕಾಫಿನೂ ಇಡ್ತಿದ್ರಿ. ಇಟ್ಟೋನಿಗೆ ಅದು ಆಗಲಿಲ್ಲ. ಗುರುವನ್ನ ಬೀಳಿಸೋಕೆ ಕೈ ಬಂತು, ದೇವರ ಹೆಸರನ್ನ ಸುಡೋಕೆ ಬರಲಿಲ್ಲ. ಅದನ್ನ ಹಣೆಗೆ ಮುಟ್ಟಿಸಿ ಎತ್ತರದಲ್ಲಿ ಇಟ್ಟ. ಎತ್ತರದಲ್ಲಿ, ಮದಾಮ್. ನಿಮಗೆ ಸ್ಟೂಲಿನ ಮೇಲೆ ಸ್ಟೂಲು ಬೇಕಾಗೋ ಎತ್ತರ."

ಅವಳ ಮುಖ ಅರಳಿದಷ್ಟೇ ಬೇಗ ಮುಚ್ಚಿಕೊಂಡಿತು. ಆ ಮನೆಯಲ್ಲಿ ಅಷ್ಟು ಎತ್ತರದವನು ಒಬ್ಬನೇ ಇದ್ದ.

"ಎಲ್ರೂ ಇಡ್ತಾರೆ," ಎಂದ ಸಫ್ವತ್. "ನೆಲದ ಮೇಲೆ ಬಿದ್ದಿತ್ತು. ಎತ್ತಿಟ್ಟೆ. ಅದೇನು ಅಪರಾಧವಾ?"

"ಛಾವಣಿ ಮೇಲೆ ನಮಾಜು ಮಾಡ್ತಿದ್ದೋನು ನೆಲದ ಮೇಲಿದ್ದದ್ದನ್ನ ಎತ್ತಿಟ್ಟನಾ? ಮೂರು ದಿನ ಎಲ್ಲರೂ ಇದೇ ಕಾಗದಕ್ಕೆ ಬಾಯಿ ಬಡ್ಕೋತಿದ್ದಾಗ, ಅಯ್ಯೋ ನಾನು ಎತ್ತಿಟ್ಟೆ ಅಂತ ನೆನಪಾಗಲಿಲ್ವಾ, ಪಂಡಿತ ಸಾಹೇಬ್ರೇ?"

ಹೊರಗೆ ಗಾಳಿ ಕಿಟಕಿಗೆ ಮರಳು ಎರಚಿತು.

"ಪೂರ್ತಿ ಓದಿದೀಯಾ ಇದನ್ನ?"

"ಓದೋದೇನಿದೆ? ಪದ ನಮ್ಮದಲ್ಲ ಅಂತ ಬರೆದಿದ್ದೀನಿ ಅಂದಿದ್ದ. ಅಷ್ಟು ಸಾಕಾಗಿತ್ತು ನನ್ನನ್ನ ಮಣ್ಣು ಮಾಡೋಕೆ. ಗುರುವಾರ ನೂರು ಜನರ ಮುಂದೆ..."

"ಹಾಗಾದ್ರೆ ಕೇಳು." ನಾನು ಓದಿದೆ. ನನ್ನ ದನಿಗೆ ಸಿಂಹಗಳು ಸಹ ಬಾಲ ಮಡಚುತ್ತವೆ. ಆದರೆ ಆ ದಿನ ಅದು ನನಗೇ ಸರಿಯಾಗಿ ಕೇಳಿಸಲಿಲ್ಲ.

"'ಎರಡು ನದಿಗಳ ನಡುವಿನ ಜನ ಹಸಿಮಣ್ಣಿನ ಹಲಗೆಯ ಮೇಲೆ ಬರೆಯುತ್ತಿದ್ದರು. ಆ ಹಲಗೆಯ ಹೆಸರು ದುಬ್. ಅದನ್ನು ಪಾರಸಿಯವರು ಎತ್ತಿಕೊಂಡು ಬರಹ ಎಂಬರ್ಥದಲ್ಲಿ ಬಳಸಿದರು, ಬರಹಗಳನ್ನು ಇಡುವ ಮನೆಗೆ ದಿವಾನ್ ಎಂದರು. ನಮಗೆ ಬಂದದ್ದು ಅವರಿಂದ. ಪದ ಯಾರ ಸ್ವತ್ತೂ ಅಲ್ಲ. ಎಲ್ಲರ ಮನೆಯಲ್ಲೂ ಉಂಡು ಮುಂದೆ ಹೋದ ಪ್ರಯಾಣಿಕ. ಸಫ್ವತ್‌ನ ಪುಸ್ತಕದಲ್ಲಿರುವುದು ತಪ್ಪು. ಅದನ್ನು ಅವನಿಗೆ ಕಲಿಸಿದವನು ನಾನು. ಗುರುವಾರದ ಸಭೆಯಲ್ಲಿ ಮೊದಲು ಹೇಳಬೇಕಾದ್ದು ಇದು: ತಪ್ಪು ನನ್ನದು, ಅವನದಲ್ಲ.'"

ಸಫ್ವತ್ ಕುಸಿದು ಕೂತ. ಮೂರು ದಿನದಿಂದ ಬಿಗಿದಿದ್ದ ಟೈಯನ್ನು ಎರಡೂ ಕೈಯಲ್ಲಿ ಎಳೆದ. ಅದು ಇನ್ನಷ್ಟು ಬಿಗಿಯಿತು.

"ಅದು... ಕೊನೇ ಸಾಲು ನಾನು ಓದಲಿಲ್ಲ."

"ಅವನು ಓದೋಕೆ ಮುಂಚೆನೇ ಕಿತ್ಕೊಂಡೆ ನೀನು."

"ಶೇಖ್ ಮೇಲಿದ್ದ, ಏಣಿ ಮೇಲೆ. ಕೊಡು ಅಂದೆ. ಗುರುವಾರ ಗೊತ್ತಾಗುತ್ತೆ ಮಗನೇ ಅಂತ ನಕ್ಕ. ನನ್ನನ್ನ ನೋಡಿ ನಗ್ತಿದಾನೆ ಅನ್ನಿಸ್ತು. ಏಣಿ ಅಲ್ಲಾಡಿಸಿದೆ, ಹೆದರಿಸೋಕೆ ಅಷ್ಟೇ, ದೇವರಾಣೆ, ಹೆದರಿಸೋಕೆ. ಒಂದು ಕೈಯಲ್ಲಿ ಚೀಟಿ ಹಿಡ್ಕೊಂಡಿದ್ದ. ಅದನ್ನ ಬಿಟ್ಟಿದ್ರೆ ಗೂಡು ಹಿಡ್ಕೊಬಹುದಿತ್ತು. ಬಿಡಲಿಲ್ಲ."

"ಚಿಕ್ಕಮ್ಮನ್ನ ಕರ್ಕೊಂಡು ಹೋಗ್ತೀವಿ ಅಂದಾಗಲೂ ಬಾಯಿ ಬಿಡಲಿಲ್ಲ ನೀನು."

ಅವನು ಮದಾಮ್ ಕಡೆ ತಿರುಗಲಿಲ್ಲ. ಮದಾಮ್ ಅವನನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ನಾನು ಇಪ್ಪತ್ತೆರಡು ವರ್ಷ ಕೋರ್ಟಿನಲ್ಲಿ ಎಲ್ಲ ದೇಶಗಳ ಅಳುವನ್ನೂ ನೋಡಿದ್ದೇನೆ. ಅವಳದು ಯಾವ ದೇಶದ್ದೂ ಅಲ್ಲ. ನೀರಿರಲಿಲ್ಲ, ಸದ್ದಿರಲಿಲ್ಲ. ಎದ್ದು ಅವನ ಕುತ್ತಿಗೆಯ ಟೈ ಗಂಟನ್ನು ಉಗುರಿನಲ್ಲಿ ಬಿಡಿಸಿದಳು.

"ಉಸಿರಾಡು," ಎಂದಳು.

ಆಗ ತೋಪು ಹಾರಿತು. ಗೂಡುಗಳ ಚೀಟಿಗಳೆಲ್ಲ ಒಮ್ಮೆ ಮೈ ಕೊಡವಿದವು. ಅಗುಳಿ ಸರಿಯಿತು, ಬಹ್ಗತ್ ಬಂದ, ಹಿಂದೆ ಗುಮಾಸ್ತ, ಇಬ್ಬರು ಪೇದೆಗಳು. ಬಾಗಿಲು ಮತ್ತೆ ಮುಚ್ಚಿತು.

"ಬೇ, ಚೀಟಿ—" ಎಂದು ನಾನು ಶುರುಮಾಡಿದೆ.

"ಆಮೇಲೆ. ಮೊದಲು ಹೇಳಿಕೆ. ಗ್ರೀಕ್ ಕಾನ್ಸುಲ್ ಬರೆದು ಕಳಿಸಿದ್ದಾನೆ. ಅವಳ ಮಾತು ಅವಳ ತಾಯ್ನುಡಿಯಲ್ಲೇ ಆಗಬೇಕು, ಪ್ರಮಾಣ ಮಾಡಿದ ದುಭಾಷಿ ಅರಬಿಗೆ ತರಬೇಕು. ಅವಳು ಅರಬಿಯಲ್ಲಿ ಏನಂದ್ರೂ ಕಾಗದಕ್ಕೆ ಏರಲ್ಲ." ಕುರಾನ್ ಮುಂದೆ ಮಾಡಿದ. "ಕೈ ಇಡು."

ಇಟ್ಟೆ. ಕೇಳಿದ್ದನ್ನು ಕೇಳಿದ ಹಾಗೆ, ಒಂದಕ್ಷರ ಕೂಡಿಸದೆ, ಒಂದಕ್ಷರ ಕಳೆಯದೆ. ಸಾವಿರಾರು ಸಲ ಮಾಡಿದ ಪ್ರಮಾಣ. ನನ್ನ ಬಾಯಿ ಬಡಾಯಿ ತೊರೆಯುವ ಜಾಗ ಅದೊಂದೇ. ಅಲ್ಲಿ ಒಮ್ಮೆಯೂ ತಪ್ಪಿಲ್ಲ, ಇದರಲ್ಲಿ ಉತ್ಪ್ರೇಕ್ಷೆ ಇಲ್ಲ. ಸಂತೋಷದಿಂದಲೇ ಇಟ್ಟೆ: ಅವಳು ನಾನಲ್ಲ ಎನ್ನುತ್ತಾಳೆ, ನಾನು ಚೀಟಿ ಬಿಚ್ಚುತ್ತೇನೆ, ಮುಗಿಯಿತು.

ಮದಾಮ್ ಅಂಗಿಯ ಮಡಿಕೆ ನೇರ ಮಾಡಿಕೊಂಡು ನಿಂತಳು. ಚರ್ಚಿನಲ್ಲಿ ಓದುವವಳಂತೆ, ಪದಪದ ಬಿಡಿಸಿ, ಗ್ರೀಕಿನಲ್ಲಿ ಹೇಳಿದಳು.

ಅವಳು ಹೇಳಿದ್ದು ಇದು. "ಏಣಿ ಅಲ್ಲಾಡಿಸಿದ್ದು ನಾನು. ನಮ್ಮಿಬ್ಬರ ಜಗಳ ಇಪ್ಪತ್ತಾರು ವರ್ಷದ್ದು. ಸಫ್ವತ್ ಛಾವಣಿಯ ಮೇಲಿದ್ದ. ಇಳಿದು ಬಂದಾಗ ಚೀಟಿಯನ್ನು ಅವನ ಕೈಗೆ ಕೊಟ್ಟು, ದೇವರ ಹೆಸರಿದೆ, ಎತ್ತರದಲ್ಲಿಡು ಎಂದೆ. ಅದೇನೆಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ನನಗಾಗಿ ಸುಮ್ಮನಿದ್ದ."

ನಾನು ಗೋಡೆ ಒಡೆದು ಮಾಡಿದ ಒಂದೇ ದಾರಿಗೆ ಆಕೆ ಒಳಗಿನಿಂದ ಕಲ್ಲು ಜೋಡಿಸಿ ಮುಚ್ಚಿದ್ದಳು. ಎತ್ತರದ ಸಾಕ್ಷ್ಯವೂ ಹೋಯಿತು, ದೇವರ ಹೆಸರಿನದೂ ಹೋಯಿತು. ಸಫ್ವತ್ ಒಪ್ಪಿಕೊಂಡದ್ದನ್ನು ಕೇಳಿದವರು ನಾವಿಬ್ಬರೇ, ಅವಳೇ ಅಲ್ಲಗಳೆದ ಮೇಲೆ ನನ್ನ ಮಾತನ್ನು ನಂಬುವವರಾರು?

ಗುಮಾಸ್ತ ಲೇಖನಿಯನ್ನು ಶಾಯಿಗೆ ಅದ್ದಿದ.

"ಏನಂದಳು?" ಎಂದ ಬಹ್ಗತ್.

ನಾನು ಸಫ್ವತ್‌ನನ್ನು ನೋಡಿದೆ. ಆ ಕೋಣೆಯಲ್ಲಿ ಗ್ರೀಕ್ ಬಲ್ಲವರು ಮೂವರು. ಅವಳ ಪ್ರತಿ ಪದವೂ ಅವನಿಗೆ ಅರ್ಥವಾಗಿತ್ತು, ಕಲಿಸಿದವಳೇ ಅವಳು. ಅವನು ಬಾಯಿ ತೆರೆದ. ತುಟಿ ಅಲುಗಿತು. ಮುಚ್ಚಿಕೊಂಡ. ತಲೆ ತಗ್ಗಿಸಿ, ಬಿಚ್ಚಿದ ಟೈಯನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದ.

"ಹೇಳು ಜಾಬಿರ್," ಎಂದಳು ಮದಾಮ್, ಈಗ ಅರಬಿಯಲ್ಲಿ, ಮೆತ್ತಗೆ. "ಒಂದಕ್ಷರ ಬಿಡಬೇಡ."

ನನ್ನ ಒಂದು ಕೈ ಇನ್ನೂ ಕುರಾನ್ ಮೇಲಿತ್ತು. ಇನ್ನೊಂದು ಕೈಯ ಬೆವರಿಗೆ ಶೇಖನ ಅಕ್ಷರಗಳು ಒದ್ದೆಯಾಗುತ್ತಿದ್ದವು. ಹದಿನೇಳು ಭಾಷೆಗಳಲ್ಲಿ ಹುಡುಕಿದೆ. ಆಡಬಹುದಾದ ಒಂದು ಮಾತೂ ಸಿಗಲಿಲ್ಲ.

"ಅಷ್ಟುದ್ದ ಹೇಳಿದಳಲ್ಲ, ಉಸ್ತಾದ್," ಎಂದು ಬಹ್ಗತ್ ನನ್ನ ಮುಖಕ್ಕೆ ಮುಖ ತಂದ. "ನೀನ್ಯಾಕೆ ಸುಮ್ಮನಿದೀಯ?"